ಬೆಥೆಸ್ಡಾದ ಕಿಟಕಿಗಳಲ್ಲಿ ತೂಗಿದ ಮಾತು

ನಮಸ್ಕಾರ. ಸ್ಲೇಟು ಎಂದೊಡನೆ ನಮಗೆ ನೆನಪಾಗುವುದು ಬಾಲ್ಯದಲ್ಲಿ ಅಕ್ಷರ ತಿದ್ದಿದ ಹಲಗೆ. ವಾಯವ್ಯ ವೇಲ್ಸಿನ ಬೆಥೆಸ್ಡಾ ಎಂಬ ಪುಟ್ಟ ಪಟ್ಟಣದಲ್ಲಾದರೋ ಅದೇ ಕಲ್ಲು ಮನೆಯ ಛಾವಣಿಯೂ ಆಗಿದೆ, ಹೊಲದ ಬೇಲಿಯೂ ಆಗಿದೆ, ಸತ್ತವರ ಗೋರಿಯೂ ಆಗಿದೆ. ಒಗ್ವೆನ್ ನದಿಯ ಕಣಿವೆಯ ಈ ಊರಿಗೆ ಹೆಸರು ಬಂದದ್ದು 1820ರ ದಶಕದ ಆರಂಭದಲ್ಲಿ ಕಟ್ಟಿದ ಬೆಥೆಸ್ಡಾ ಎಂಬ ಪ್ರಾರ್ಥನಾಮಂದಿರದಿಂದ. ಜನ ಬಂದು ನೆಲೆಸಿದ್ದು ಪಕ್ಕದ ಪೆನ್ರಿನ್ ಸ್ಲೇಟು ಗಣಿಯ ಕೆಲಸಕ್ಕಾಗಿ.

ಪ್ರವಾಸಿಗಳು ಮೊದಲು ನೋಡುವುದು ಕೆಲವೇ ಮೈಲಿ ದೂರದಲ್ಲಿರುವ ಗಣಿಯೊಡೆಯರ ಪೆನ್ರಿನ್ ಕೋಟೆಯನ್ನು. ಆ ವೈಭವದ ಹಿಂದೆ ಸ್ಲೇಟಿನ ಹಣ ಮಾತ್ರವಲ್ಲ, ಜಮೈಕಾದ ಕಬ್ಬಿನ ತೋಟಗಳಲ್ಲಿ ಗುಲಾಮರು ದುಡಿದ ಹಣವೂ ಇದೆ. ಗುಲಾಮಗಿರಿ ರದ್ದಾದಾಗ 764 ಜನರ ಲೆಕ್ಕದಲ್ಲಿ ಸುಮಾರು 14,683 ಪೌಂಡ್ ಪರಿಹಾರ ದೊರೆತದ್ದು ಒಡೆಯರಿಗೆ. ದುಡಿದವರಿಗೆ ಏನೂ ಇಲ್ಲ. ಈ ಸೀಮೆಯ ಕಥೆಯನ್ನು ಕೋಟೆಯ ಬಾಗಿಲಿನಿಂದ ಆರಂಭಿಸುವುದು ತಪ್ಪು ಎಂಬುದೇ ನನ್ನ ಮಾತು.

ಪೆನ್ರಿನ್ ಗಣಿಯಲ್ಲಿ ಬಂಡೆಯ ಒಂದು ಭಾಗವನ್ನು ಕೆಲವೇ ಜನ ಗಣಿಗಾರರ ತಂಡವೊಂದು ವಹಿಸಿಕೊಂಡು, ಕಲ್ಲಿನ ಗುಣ ನೋಡಿ ತಿಂಗಳಿಗೊಮ್ಮೆ ದರ ಕುದುರಿಸುತ್ತಿತ್ತು. ಅದನ್ನು ವೆಲ್ಷ್ ಭಾಷೆಯಲ್ಲಿ ಬರ್ಗೆನ್ ಎನ್ನುತ್ತಿದ್ದರು. ತಾನು ಕೂಲಿಯಾಳಲ್ಲ, ಕಲ್ಲಿನ ಮರ್ಮ ಬಲ್ಲ ಕುಶಲಕರ್ಮಿ ಎಂಬ ಅಭಿಮಾನ ಗಣಿಗಾರನಲ್ಲಿ ಉಳಿದದ್ದು ಈ ಪದ್ಧತಿಯಿಂದ. ಆಡಳಿತವು ಅದನ್ನು ಬದಿಗೊತ್ತಿ ದೊಡ್ಡ ಗುತ್ತಿಗೆದಾರರನ್ನು ತಂದು, ಗಣಿಯೊಳಗೆ ಕಾರ್ಮಿಕ ಸಂಘದ ವಂತಿಗೆ ಎತ್ತುವುದನ್ನೂ ನಿಷೇಧಿಸಿದಾಗ, 1900ರ ನವೆಂಬರ್ 22ರಂದು ಸುಮಾರು 2,800 ಜನ ಹೊರನಡೆದರು. ಬಿಕ್ಕಟ್ಟು ಮೂರು ವರ್ಷ ಎಳೆಯಿತು. ಕೆಲವರು ದಕ್ಷಿಣ ವೇಲ್ಸಿನ ಕಲ್ಲಿದ್ದಲು ಗಣಿಗಳಿಗೆ ಗುಳೆ ಹೋದರು. ಗಾಯನ ತಂಡಗಳು ಊರೂರು ಸುತ್ತಿ ಹಾಡಿ, ಹಸಿದವರಿಗಾಗಿ ಹಣ ಕೂಡಿಸಿದವು.

1901ರ ಜೂನ್‌ನಲ್ಲಿ ಸುಮಾರು 400 ಜನ ಕೆಲಸಕ್ಕೆ ಮರಳಿದಾಗ, ಮರಳದವರ ಕಿಟಕಿಗಳಲ್ಲಿ ವೆಲ್ಷ್ ಭಾಷೆಯ ಫಲಕಗಳು ಕಾಣಿಸಿಕೊಂಡವು: ‘ಈ ಮನೆಯಲ್ಲಿ ದ್ರೋಹಿ ಇಲ್ಲ.’ ಈ ಮಾತಿನ ದಿಟ್ಟತನ ನನ್ನನ್ನು ಕಲಕುತ್ತದೆ. ಆದರೆ ಫಲಕವಿಲ್ಲದ ಮನೆಯ ಮಕ್ಕಳು ಅದೇ ಬೀದಿಯಲ್ಲಿ ಹೇಗೆ ನಡೆದಾಡಿದರೋ ಎಂಬ ಯೋಚನೆಯೂ ಬಿಡುವುದಿಲ್ಲ. 1903ರ ನವೆಂಬರ್‌ನಲ್ಲಿ ಕಾರ್ಮಿಕರು ಸೋತರು. ಊರಿನ ಮನಸ್ಸಿನಲ್ಲಿ ಬಿದ್ದ ಬಿರುಕು ತಲೆಮಾರುಗಳವರೆಗೆ ಉಳಿಯಿತು.

2021ರಲ್ಲಿ ಯುನೆಸ್ಕೊ ಇಲ್ಲಿನ ಸ್ಲೇಟು ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದು ಸಂತೋಷದ ಸಂಗತಿ. ಆದರೂ ನನಗೆ ಹಿರಿದಾಗಿ ಕಾಣುವ ಪರಂಪರೆಯೆಂದರೆ ಕಬಾನ್, ಅಂದರೆ ಕಾರ್ಮಿಕರು ಮಧ್ಯಾಹ್ನ ಕುಳಿತು ಉಣ್ಣುತ್ತ, ರಾಜಕೀಯವನ್ನೂ ಧರ್ಮವನ್ನೂ ಕಾವ್ಯವನ್ನೂ ಚರ್ಚಿಸುತ್ತಿದ್ದ ಕಲ್ಲಿನ ಕೊಠಡಿ. 1884ರಲ್ಲಿ ಸಮೀಪದ ಬ್ಯಾಂಗರಿನಲ್ಲಿ ಕಾಲೇಜು ತೆರೆದಾಗ ಇಂಥ ಗಣಿಗಾರರು ತಮ್ಮ ಕೂಲಿಯಿಂದ ಹಣ ಕೊಟ್ಟಿದ್ದರು. ಕಬಾನಿನಲ್ಲಿ ಆಡುತ್ತಿದ್ದ ವೆಲ್ಷ್ ಭಾಷೆಯನ್ನು ಬೆಥೆಸ್ಡಾದ ಬಹುಪಾಲು ಜನ ಇಂದಿಗೂ ಆಡುತ್ತಾರೆ.

ಆದ್ದರಿಂದ, ಆ ಕಡೆಗೆ ಹೋಗುವವರು ಕೋಟೆಗಿಂತ ಮೊದಲು ಬೆಥೆಸ್ಡಾದ ಮುಖ್ಯಬೀದಿಯಲ್ಲಿ ನಡೆಯಿರಿ. ಅಲ್ಲಿನ ಪಬ್ಬುಗಳೆಲ್ಲ ಬೀದಿಯ ಒಂದೇ ಬದಿಯಲ್ಲಿವೆ. ಇನ್ನೊಂದು ಬದಿಯ ನೆಲ ಗಣಿಯೊಡೆಯರದಾಗಿತ್ತು.