ಮೊದಲು ಮುಳ್ಳುತಂತಿ, ಆಮೇಲೆ ಬಂದೂಕು

ನಮಸ್ಕಾರ. ಹಿಟ್ಲರ್ ಬಗ್ಗೆ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. "ಅಷ್ಟೊಂದು ಯಹೂದಿಗಳನ್ನು ಕೊಲ್ಲುತ್ತಿದ್ದಾಗ ಅವರು ಯಾಕೆ ತಿರುಗಿ ಬೀಳಲಿಲ್ಲ?" ತಿರುಗಿ ಬಿದ್ದವರು ಬೇಕಾದಷ್ಟು ಜನ ಇದ್ದರು. ಅವರಲ್ಲಿ ಎಕ್ಸ್ ಟ್ರೂಪ್ ಅನ್ನುವ ಒಂದು ಸಣ್ಣ ಗುಂಪಿನ ಕಥೆ ಇವತ್ತು ಹೇಳುತ್ತೇನೆ. ಜೊತೆಗೆ, ಅವರ ಕೈಗೆ ಬಂದೂಕು ಕೊಟ್ಟ ಬ್ರಿಟನ್ ಬಗ್ಗೆ ನನ್ನದೊಂದು ತಕರಾರೂ ಇದೆ.

1930ರ ದಶಕದಲ್ಲಿ ಜರ್ಮನಿ, ಆಸ್ಟ್ರಿಯಾಗಳಿಂದ ಸಾವಿರಾರು ಯಹೂದಿಗಳು ಜೀವ ಉಳಿಸಿಕೊಳ್ಳಲು ಬ್ರಿಟನ್ನಿಗೆ ಬಂದರು. ಎಷ್ಟೋ ಜನ ಮೀಸೆ ಸರಿಯಾಗಿ ಮೂಡದ ಹುಡುಗರು, ಅಪ್ಪ ಅಮ್ಮನನ್ನು ಅಲ್ಲೇ ಬಿಟ್ಟು ಬಂದವರು. 1940ರಲ್ಲಿ ಫ್ರಾನ್ಸ್ ಸೋತಿತು, ಬ್ರಿಟನ್ನಿಗೆ ದಿಗಿಲು ಹತ್ತಿತು. ಶತ್ರು ದೇಶದವರು ಅಂತ ಸುಮಾರು 27,000 ಜನರನ್ನು ಹಿಡಿದು ಮುಳ್ಳುತಂತಿಯ ಹಿಂದೆ ಹಾಕಿದರು. ಅವರಲ್ಲಿ ಹೆಚ್ಚಿನವರು ನಾಜಿಗಳಿಗೆ ಹೆದರಿ ಓಡಿ ಬಂದವರೇ! ಬಹಳಷ್ಟು ಜನ ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರ ಸೇರಿದರು. ಇನ್ನು ಕೆಲವರನ್ನು ಡುನೇರಾ ಅನ್ನುವ ಹಡಗಿಗೆ ತುಂಬಿ ಆಸ್ಟ್ರೇಲಿಯಾಕ್ಕೆ ಸಾಗಿಸಿದರು. ದಾರಿಯಲ್ಲಿ ಕಾವಲಿಗಿದ್ದ ಸೈನಿಕರೇ ಅವರ ಸಾಮಾನು ದೋಚಿದರು.

1941ರ ನವೆಂಬರಿನಲ್ಲಿ ಹಿಟ್ಲರ್ ಸರ್ಕಾರ ಹೊರದೇಶದಲ್ಲಿದ್ದ ಯಹೂದಿಗಳ ಪೌರತ್ವವನ್ನೇ ಕಿತ್ತುಕೊಂಡಿತು. ಇವರು ನಮ್ಮವರಲ್ಲ ಅಂತ ಜರ್ಮನಿಯೇ ಹೇಳಿಯಾಯಿತು. ಬ್ರಿಟನ್ ಕಡತದಲ್ಲಿ ಮಾತ್ರ ಇವರು ಆಗಲೂ ಶತ್ರು ದೇಶದವರೇ.

ಶಿಬಿರದಿಂದ ಹೊರಬಂದು ಸೈನ್ಯ ಸೇರುತ್ತೇನೆ ಅಂದವರಿಗೆ ಮೊದಲು ಸಿಕ್ಕಿದ್ದು ಪಯೋನೀರ್ ಕೋರ್. ಅಂದರೆ ಗುದ್ದಲಿ ಕೆಲಸ. ಹೋರಾಡಲು ಬಿಡಿ ಅಂತ ಅರ್ಜಿ ಹಾಕಿ ಹಾಕಿ ಸುಸ್ತಾದರು. ಕೊನೆಗೆ 1942ರ ಜುಲೈನಲ್ಲಿ ಯಾರಿಗೋ ಬುದ್ಧಿ ಬಂತು. ಜರ್ಮನ್ ಮಾತಾಡುವ ಈ ಹುಡುಗರದೇ ಒಂದು ಕಮಾಂಡೊ ಪಡೆ ಕಟ್ಟಿದರು. ಅದೇ ಎಕ್ಸ್ ಟ್ರೂಪ್. ಒಟ್ಟು 87 ಜನ. ವೇಲ್ಸಿನ ಅಬರ್‌ಡವಿ ಅನ್ನುವ ಕಡಲೂರಿನಲ್ಲಿ ತರಬೇತಿ.

ಇವರು ಒಟ್ಟಾಗಿ ಹೋರಾಡಿದ್ದು ಕಡಿಮೆ. ಬೇರೆ ಬೇರೆ ಕಮಾಂಡೊ ಪಡೆಗಳ ಜೊತೆ ಇವರನ್ನು ಹಂಚಿಬಿಟ್ಟರು. ಯಾಕೆ ಗೊತ್ತಾ? ಸೆರೆ ಸಿಕ್ಕ ಸೈನಿಕನನ್ನು ಹಿಂದಿನ ಠಾಣೆಗೆ ಕಳಿಸಿ ವಿಚಾರಿಸಿದರೆ ಆ ಸುದ್ದಿ ಹಳಸಿರುತ್ತದೆ. ಮುಂದಿನ ತಿರುವಿನಲ್ಲಿ ಮೆಷಿನ್‌ಗನ್ ಎಲ್ಲಿದೆ ಅನ್ನುವುದು ಆ ಕ್ಷಣಕ್ಕೇ ಬೇಕು. ಇವರು ಅಲ್ಲೇ ನಿಂತು ಕೇಳುತ್ತಿದ್ದರು. ರಾತ್ರಿ ಗಸ್ತಿನಲ್ಲಿ ಎಲ್ಲರಿಗಿಂತ ಮುಂದೆ ಹೋಗುವುದೂ ಇವರೇ. ಸಿಕ್ಕಿಬಿದ್ದರೆ? ಅದಕ್ಕೇ ಎಲ್ಲರಿಗೂ ಇಂಗ್ಲಿಷ್ ಹೆಸರು, ಇಂಗ್ಲಿಷ್ ಹಿನ್ನೆಲೆ. ಕೊರಳಿನ ಗುರುತಿನ ಬಿಲ್ಲೆಯಲ್ಲಿ ಧರ್ಮವೂ ಬೇರೆ: ಚರ್ಚ್ ಆಫ್ ಇಂಗ್ಲೆಂಡ್, ಅಂದರೆ ಕ್ರೈಸ್ತರು ಅಂತ.

ಮ್ಯಾನ್‌ಫ್ರೆಡ್ ಗಾನ್ಸ್ ಅನ್ನುವವನು ಫ್ರೆಡ್ ಗ್ರೇ ಆದ. 1944ರಲ್ಲಿ ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿಯ ಮೇಲೆ ದಾಳಿ ಮಾಡಿದಾಗ ಮೊದಲ ದಿನವೇ ಅಲ್ಲಿನ ದಡಕ್ಕೆ ಇಳಿದ. 1945ರ ಮೇನಲ್ಲಿ, ಅಪ್ಪ ಅಮ್ಮ ಚೆಕ್ ನೆಲದಲ್ಲಿದ್ದ ನಾಜಿಗಳ ಟೆರೆಜಿಯೆನ್‌ಸ್ಟಾಟ್ ಶಿಬಿರದಲ್ಲಿ ಇರಬಹುದು ಅಂತ ತಿಳಿದು, ಒಂದು ಜೀಪು, ಒಬ್ಬ ಡ್ರೈವರ್ ಜೊತೆ ಹಾಲೆಂಡಿನಿಂದ ಹೊರಟ. ಕುಸಿದುಬಿದ್ದ ಜರ್ಮನಿಯನ್ನೇ ದಾಟಿ ಹೋದ. ಇಬ್ಬರೂ ಬದುಕಿದ್ದರು! ಹೀಗೆ ಹೆತ್ತವರು ಸಿಕ್ಕಿದ ಅದೃಷ್ಟ ಆ ಪಡೆಯಲ್ಲಿ ತೀರಾ ಕೆಲವರದು. ಹಾಗಾಗಿ ಇದೇ ಎಲ್ಲರ ಕಥೆ ಅಂದುಕೊಳ್ಳಬೇಡಿ.

ಈಗ ನನ್ನ ತಕರಾರು. ಇಷ್ಟೆಲ್ಲ ಮಾಡಿದವರಲ್ಲಿ ಹೆಚ್ಚಿನವರಿಗೆ ಬ್ರಿಟನ್ ಪೌರತ್ವ ಕೊಟ್ಟಿದ್ದು ಯುದ್ಧ ಮುಗಿದ ಮೇಲೆ. ಪ್ರಾಣ ಕೊಡಲು ಅರ್ಹರು, ಪಾಸ್‌ಪೋರ್ಟಿಗೆ ಅಲ್ಲ! ಅಮೆರಿಕವೂ ಮೇರಿಲ್ಯಾಂಡಿನ ಕ್ಯಾಂಪ್ ರಿಚಿಯಲ್ಲಿ ಇಂಥದೇ ಹುಡುಗರಿಗೆ ತರಬೇತಿ ಕೊಟ್ಟಿತು. ಆದರೆ ಸೈನ್ಯದಲ್ಲಿದ್ದ ವಲಸಿಗರಿಗೆ ಬೇಗ ಪೌರತ್ವ ಸಿಗಲಿ ಅಂತ 1942ರಲ್ಲೇ ಕಾನೂನು ಬದಲಿಸಿತು. ಅಮೆರಿಕವೇನೂ ಸಂತ ಅಲ್ಲ ಬಿಡಿ. ಅದಕ್ಕೂ ಮೊದಲು ವೀಸಾ ಕೇಳಿದ ಎಷ್ಟೋ ಯಹೂದಿಗಳಿಗೆ ಬಾಗಿಲು ಹಾಕಿತ್ತು. ಆದರೂ ಈ ಒಂದು ವಿಷಯದಲ್ಲಿ ಅದರ ಲೆಕ್ಕ ನೇರವಾಗಿತ್ತು.

ಅಬರ್‌ಡವಿಯಲ್ಲಿ 1999ರಲ್ಲಿ ಒಂದು ಸ್ಮಾರಕದ ಕಲ್ಲು ನಿಲ್ಲಿಸಿದರು. ಇವರ ಪಡೆಯ ಹೆಸರಿದೆ, 20 ಜನ ಸತ್ತರು ಅಂತಲೂ ಇದೆ. ಅವರು ಯಹೂದಿಗಳು ಅಂತ ಮಾತ್ರ ಅದರಲ್ಲಿ ಹೇಳಿಲ್ಲ. ಯುದ್ಧದಲ್ಲಿ ಅದನ್ನು ಮುಚ್ಚಿಟ್ಟಿದ್ದು ಸರಿ, ಜೀವದ ಪ್ರಶ್ನೆ. 1999ರಲ್ಲಿ ಯಾರ ಭಯ ಇತ್ತು?