ಬಿಸಿಯಾದರೆ ಸ್ಟಾರ್ಟ್ ಆಗದ ಡೀಸೆಲ್ ಕಾರು

ಗೆಳೆಯರೇ, ನಮಸ್ಕಾರ. ಇಲ್ಲಿ ಕೂತವರೆಲ್ಲ ಸ್ಪ್ಯಾನರ್ ಹಿಡಿದವರು. ಡೀಸೆಲ್ ಎಂಜಿನ್ ಹೇಗೆ ಓಡುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ನಾನು ಬಂದದ್ದು ಒಂದೇ ಒಂದು ದೂರಿನ ಬಗ್ಗೆ ಮಾತಾಡೋಕೆ. "ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತೆ. ಬಿಸಿಯಾದ ಮೇಲೆ ನಿಲ್ಲಿಸಿದ್ರೆ ಹಿಡಿಯೋದೇ ಇಲ್ಲ."

ಇದನ್ನು ಕೇಳಿದ ಕೂಡಲೇ ನಮ್ಮಲ್ಲಿ ಎಷ್ಟೋ ಜನ ಹೀಟರ್ ಪ್ಲಗ್ ಬಿಚ್ಚುತ್ತಾರೆ. ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಹೀಟರ್ ಪ್ಲಗ್ ಇರುವುದು ತಣ್ಣಗಿರುವ ಎಂಜಿನ್‌ಗೆ. ಬೆಳಿಗ್ಗೆ ಚಳಿಯಲ್ಲೇ ಸ್ಟಾರ್ಟ್ ಆಗುವ ಕಾರಿಗೆ ಅದನ್ನು ಯಾಕೆ ಬದಲಾಯಿಸಬೇಕು? ಮೊದಲು ಕೇಳಿ, ಆಮೇಲೆ ಅಳೆಯಿರಿ, ಬಿಚ್ಚುವುದು ಕೊನೆಗೆ. ಇದನ್ನು ಇವತ್ತು ನಾಲ್ಕು ಸಲವಾದರೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಉಜಿರೆ ಕಡೆಯ ಒಬ್ಬ ಮೇಷ್ಟ್ರ ಕಾರಿನ ಕಥೆ ಕೇಳಿ. ನಾಲ್ಕು ಸಿಲಿಂಡರಿನ ಕಾಮನ್ ರೇಲ್ ಡೀಸೆಲ್, ಅಂದರೆ ಪಂಪು ಒಂದೇ ಪೈಪಿನಲ್ಲಿ (ರೇಲ್) ಡೀಸೆಲ್ಲನ್ನು ಒತ್ತಿ ತುಂಬಿಡುತ್ತದೆ, ಇಂಜೆಕ್ಟರ್‌ಗಳು ಅಲ್ಲಿಂದ ಸಿಲಿಂಡರಿಗೆ ಸಿಂಪಡಿಸುತ್ತವೆ. ತಿಂಗಳಿಗೊಮ್ಮೆ ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆಗೆ ಹೋಗುತ್ತಿದ್ದರು. ಘಾಟಿ ಹತ್ತಿದ ಮೇಲೆ ಕೊಟ್ಟಿಗೆಹಾರ. ಅಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗೋಕೆ ಆಗುತ್ತಾ? ನಿಲ್ಲಿಸಿ, ತಿಂದು, ಇಪ್ಪತ್ತು ನಿಮಿಷ ಬಿಟ್ಟು ಬಂದರೆ ಕಾರು ಹಿಡಿಯುತ್ತಿರಲಿಲ್ಲ. ಒಂದು ಗಂಟೆ ಕಾದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್. ಬ್ಯಾಟರಿ ಬದಲಾಯಿತು. ಹೀಟರ್ ಪ್ಲಗ್ ಬದಲಾಯಿತು. ಫಿಲ್ಟರ್, ಕೊನೆಗೆ ಸೆಲ್ಫ್ ಮೋಟರ್ ಕೂಡ ಹೊಸದಾಯಿತು. ದೂರು ಮಾತ್ರ ಹಾಗೇ ಉಳಿಯಿತು. ಅಷ್ಟರಲ್ಲಿ ಗಂಡ ಹೆಂಡತಿ ಒಂದು ಉಪಾಯ ಮಾಡಿಕೊಂಡಿದ್ದರು. ಎಂಜಿನ್ ಬಂದ್ ಮಾಡುವುದೇ ಬೇಡ. ಮೇಷ್ಟ್ರು ಒಳಗೆ ಹೋಗಿ ತಿಂದು ಬರುವತನಕ ಅವರ ಮನೆಯವರು ಕಾರಲ್ಲಿ ಕೂರುವುದು, ಆಮೇಲೆ ಅವರು ತಿನ್ನುವಾಗ ಮೇಷ್ಟ್ರು ಕಾರಲ್ಲಿ!

ನಾನು ಕೇಳಿದ್ದು ಎರಡೇ ಪ್ರಶ್ನೆ. "ಮೇಷ್ಟ್ರೇ, ಹಿಡಿಯದೇ ಇದ್ದಾಗ ಸೆಲ್ಫ್ ಜೋರಾಗಿ ತಿರುಗುತ್ತಾ? ಸೈಲೆನ್ಸರ್‌ನಲ್ಲಿ ಹೊಗೆ ಬರುತ್ತಾ?" ಸೆಲ್ಫ್ ಚೆನ್ನಾಗಿದೆ, ಹೊಗೆ ಇಲ್ಲ ಅಂದರು. ಹೊಗೆ ಇಲ್ಲ ಅಂದರೆ ಸಿಲಿಂಡರಿಗೆ ಡೀಸೆಲ್ಲೇ ಹೋಗುತ್ತಿಲ್ಲ, ಅಲ್ವಾ? ಅರ್ಧ ಕೆಲಸ ಅಲ್ಲೇ ಮುಗಿಯಿತು.

ಕಾರನ್ನು ಒಂದು ರೌಂಡ್ ಓಡಿಸಿ, ಬಿಸಿ ಮಾಡಿ, ಬಂದ್ ಮಾಡಿ ಇಪ್ಪತ್ತು ನಿಮಿಷ ಬಿಟ್ಟೆ. ಇಲ್ಲೊಂದು ಮಾತು. ಬಂದ್ ಮಾಡಿದ ತಕ್ಷಣ ಬಾನೆಟ್ ಒಳಗೆ ತಣ್ಣಗಾಗುವುದಿಲ್ಲ. ನೀರು ಓಡುವುದು ನಿಂತಿರುತ್ತದೆ, ಎದುರುಗಾಳಿ ಇರುವುದಿಲ್ಲ. ಎಂಜಿನ್ನಿನ ಬಿಸಿಯೆಲ್ಲ ಪಂಪು, ಇಂಜೆಕ್ಟರ್, ಸೆನ್ಸರ್‌ಗಳಿಗೆ ಏರುತ್ತದೆ. ಆ ಇಪ್ಪತ್ತು ನಿಮಿಷವೇ ನಿಮಗೆ ಬೇಕಾದ ಹೊತ್ತು. ಸುಮ್ನೆ ತಣ್ಣಗಿನ ಗಾಡಿಯನ್ನು ಪರೀಕ್ಷೆ ಮಾಡಿದರೆ ಏನೂ ಸಿಗುವುದಿಲ್ಲ.

ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿ ಸೆಲ್ಫ್ ಹೊಡೆದೆ. ಆರ್‌ಪಿಎಂ 250 ತೋರಿಸಿತು. ಅಂದರೆ ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಬದುಕಿದೆ. ರೇಲ್ ಪ್ರೆಶರ್ ಮಾತ್ರ 120 ಬಾರ್ ದಾಟಲಿಲ್ಲ. ಇಂಥ ಎಂಜಿನ್‌ಗಳಲ್ಲಿ ಸುಮಾರು 200ರಿಂದ 250 ಬಾರ್ ಬರುವತನಕ ಕಂಪ್ಯೂಟರ್ ಇಂಜೆಕ್ಟರ್ ತೆರೆಯುವುದೇ ಇಲ್ಲ. ನಮ್ಮ ಕಾರಿನ ಟೈರಿಗೆ ಹಾಕುವುದು ಎರಡು ಬಾರ್ ಚಿಲ್ಲರೆ, ಹೋಲಿಸಿ ನೋಡಿ.

ಪ್ರೆಶರ್ ಎಲ್ಲಿ ಹೋಯಿತು? ಮಲೆನಾಡಿನವರಿಗೆ ಜೋನಿ ಬೆಲ್ಲ ಗೊತ್ತು. ಚಳಿಗಾಲದಲ್ಲಿ ಡಬ್ಬ ಬೋರಲು ಹಾಕಿದರೂ ಬೀಳುವುದಿಲ್ಲ. ಸ್ವಲ್ಪ ಬಿಸಿ ಮಾಡಿ, ನೀರಿನ ಹಾಗೆ ಹರಿಯುತ್ತದೆ. ಡೀಸೆಲ್ಲೂ ಅಷ್ಟೇ. ಇಂಜೆಕ್ಟರ್ ಒಳಗಿನ ಸಂದು ಕೆಲವೇ ಮೈಕ್ರಾನ್. ಅದು ಸವೆದಿದ್ದರೂ ತಣ್ಣಗಿನ ದಪ್ಪ ಡೀಸೆಲ್ ಬೇಗ ನುಸುಳುವುದಿಲ್ಲ, ಬೆಳಿಗ್ಗೆ ಕಾರು ಹಿಡಿಯುತ್ತದೆ. ಬಿಸಿಯಾದರೆ ಡೀಸೆಲ್ ತೆಳುವಾಗಿ, ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಪೈಪಿಗೆ ಓಡುತ್ತದೆ. ಪಂಪು ತುಂಬಿದಷ್ಟೂ ಸೋರಿಕೆ. ಹಳೆಯ ಅಂಬಾಸಿಡರ್ ಡೀಸೆಲ್ ಕಾಲದಲ್ಲೂ ಇದೇ ಕಥೆ ಇತ್ತು. ಆಗ ಸೋರುತ್ತಿದ್ದದ್ದು ಪಂಪಿನ ತಲೆ. ಹಿರಿಯ ಮೆಕ್ಯಾನಿಕ್‌ಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರು. ಐದು ನಿಮಿಷದಲ್ಲಿ ಗಾಡಿ ಹಿಡಿದರೆ ಪಂಪು ಸವೆದಿದೆ ಅಂತ ಲೆಕ್ಕ. ಸ್ಕ್ಯಾನರ್ ಇಲ್ಲದೆ, ಒಂದು ಬಟ್ಟೆಯಲ್ಲಿ ಅಳೆದರು! ಅವರನ್ನು ನೆನೆದರೆ ನನಗೆ ಈಗಲೂ ಕೈ ಮುಗಿಯುವ ಹಾಗಾಗುತ್ತದೆ.

ಮೇಷ್ಟ್ರ ಕಾರಿಗೆ ನಾಲ್ಕು ಬಾಟಲಿ ಕಟ್ಟಿದೆ, ಒಂದೊಂದು ಇಂಜೆಕ್ಟರಿನ ರಿಟರ್ನ್‌ಗೆ ಒಂದೊಂದು. ಮೂರನೆಯದು ಮಾತ್ರ ತುಂಬಿಕೊಳ್ಳುತ್ತಾ ಹೋಯಿತು. ಆ ಒಂದನ್ನು ಬದಲಾಯಿಸಿ, ಹೊಸ ಇಂಜೆಕ್ಟರಿನ ಕೋಡನ್ನು ಕಾರಿನ ಕಂಪ್ಯೂಟರಿಗೆ ಹಾಕಿಕೊಟ್ಟೆ. ಮುಂದಿನ ತಿಂಗಳು ಗಂಡ ಹೆಂಡತಿ ಒಂದೇ ಮೇಜಿನಲ್ಲಿ ಕೂತು ದೋಸೆ ತಿಂದರಂತೆ.

ಚೀಟಿ ಬಂತು, ಐದೇ ನಿಮಿಷ ಉಳಿದಿದೆಯಂತೆ. ಮಿಕ್ಕಿದ್ದನ್ನು ಬೇಗ ಹೇಳುತ್ತೇನೆ. ಸೆಲ್ಫ್ ತಿರುಗುವಾಗ ಆರ್‌ಪಿಎಂ ಸೊನ್ನೆ ತೋರಿಸಿದರೆ ಕ್ರ್ಯಾಂಕ್ ಸೆನ್ಸರ್ ಮತ್ತು ಅದರ ವೈರು ನೋಡಿ. ಸೆಲ್ಫ್ ಎಳೆದೂ ಎಳೆದೂ ತಿರುಗಿದರೆ ಅರ್ಥಿಂಗ್ ಕೇಬಲ್, ಆಮೇಲೆ ಮೋಟರ್. ನಾಲ್ಕೂ ಬಾಟಲಿ ಸರಿಯಿದ್ದು ಪ್ರೆಶರ್ ಬರದಿದ್ದರೆ ರೆಗ್ಯುಲೇಟರ್ ವಾಲ್ವ್, ಪಂಪು. ನೋಡಿ, ಇಲ್ಲೂ ಅದೇ: ಕೇಳಿ, ಅಳೆಯಿರಿ, ಆಮೇಲೆ ಬಿಚ್ಚಿ.

ಇದೊಂದನ್ನು ಮಾತ್ರ ಬಿಡುವುದಿಲ್ಲ. ಎಂಜಿನ್ ಓಡುವಾಗ ಹೈ ಪ್ರೆಶರ್ ಪೈಪಿನ ಸೋರಿಕೆಯನ್ನು ಬೆರಳಿಟ್ಟು ಹುಡುಕಬೇಡಿ. ಆ ಡೀಸೆಲ್ ಧಾರೆ ಚರ್ಮ ಸೀಳಿಕೊಂಡು ಒಳಗೆ ಹೋಗುತ್ತದೆ. ಮೇಲೆ ಸಣ್ಣ ಚುಕ್ಕೆ ಅಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಿ. ತಡವಾದರೆ ಬೆರಳೇ ಹೋಗಬಹುದು.

ಹೊರಗೆ ನನ್ನ ಕಾರು ನಿಂತಿದೆ. ಡಿಕ್ಕಿಯಲ್ಲಿ ಬಾಟಲಿಗಳಿವೆ. ಎಂಜಿನ್ ಬಿಸಿ ಮಾಡಿ ನಿಲ್ಲಿಸಿ ಅಂತ ಹುಡುಗನಿಗೆ ಹೇಳಿದ್ದೆ. ಆರುವ ಮುಂಚೆ ಬನ್ನಿ, ಕಟ್ಟಿ ತೋರಿಸುತ್ತೇನೆ.