ನೆರೆಯವನ ಕರೆಂಟು ಕಟ್ ಮಾಡಿ, ಹೊಳೆ ಕಾಯಲು ಕರೆದರೆ?

ನಮಸ್ಕಾರ, ಮಂಗಳೂರಿನಿಂದ.

2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದ್ದು ನೆನಪುಂಟಲ್ಲ? ಒಳದಾರಿಗಳಿಗೆ ಮಣ್ಣು ಸುರಿದರು. ಕಾಸರಗೋಡಿನ ರೋಗಿಗಳು ಇಲ್ಲಿನ ಆಸ್ಪತ್ರೆಗೆ ಬರಲಾಗದೆ ಒದ್ದಾಡಿದರು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಒಂದೇ ದೇಶದ ಎರಡು ರಾಜ್ಯಗಳ ನಡುವೆಯೇ ಅಷ್ಟು ರಂಪ. ಈಗ ಸುಮಾರು 1,500 ಕಿ.ಮೀ. ಗಡಿಯನ್ನು ಏಳೆಂಟು ತಿಂಗಳು ಮುಚ್ಚಿ, ಮೇಲಿಂದ ನೆರೆಮನೆಯ ಕರೆಂಟೂ ಕಟ್ ಮಾಡಿ, ಆಮೇಲೆ ಅದೇ ನೆರೆಯವನಿಗೆ "ನಮ್ಮ ಹಿತ್ತಿಲಿಗೆ ನುಗ್ಗಿದವರನ್ನು ಹಿಡಿಯೋಣ, ಬಾ ಮಾರಾಯ" ಅಂದರೆ ಅವನು ಬರ್ತಾನಾ?

ನೈಜೀರಿಯಾ ಮತ್ತು ನೈಜರ್ ಕತೆ ಇದು. ಹೆಸರು ಒಂದೇ ಥರ ಕೇಳ್ತದೆ, ದೇಶ ಬೇರೆ ಬೇರೆ. ಒಂದು ಕಡೆ ಸರಕಾರಿ ಭಾಷೆ ಇಂಗ್ಲಿಷು, ಇನ್ನೊಂದು ಕಡೆ ಫ್ರೆಂಚು ಇತ್ತು. ಆದರೆ ಗಡಿಯ ಎರಡೂ ಬದಿಯಲ್ಲಿ ಹೌಸಾ ಮಾತಾಡುವ ಜನ, ಅದೇ ಸಂತೆ, ಅದೇ ನೆಂಟಸ್ತಿಕೆ. ನಮ್ಮ ತುಳುವಿನ ಹಾಗೆಯೇ.

ಇಬ್ಬರಿಗೂ ಶತ್ರು ಒಂದೇ: ಚಾಡ್ ಸರೋವರದ ಸುತ್ತ ದಾಳಿ ಮಾಡುವ ಉಗ್ರರ ಗುಂಪು ಬೊಕೊ ಹರಾಮ್, ಮತ್ತು 2016ರಲ್ಲಿ ಅದರಿಂದ ಸಿಡಿದು ಬೇರೆಯಾದ ಇಸ್ವಾಪ್, ಅಂದರೆ ಐಸಿಸ್‌ನ ಪಶ್ಚಿಮ ಆಫ್ರಿಕಾ ಶಾಖೆ. ಇವರ ವಿರುದ್ಧ ನೈಜೀರಿಯಾ, ನೈಜರ್, ಚಾಡ್, ಕ್ಯಾಮರೂನ್ ಎಲ್ಲ ಸೇರಿ ಒಂದು ಜಂಟಿ ಪಡೆ ಕಟ್ಟಿದ್ದವು. ಅದಕ್ಕೆ 2015ರ ಜನವರಿಯಲ್ಲಿ ಆಫ್ರಿಕನ್ ಯೂನಿಯನ್ ಒಪ್ಪಿಗೆ ಕೊಟ್ಟಿತು. ಕೇಂದ್ರ ಕಚೇರಿ ಚಾಡ್‌ನ ಎನ್‌ಜಮೆನಾದಲ್ಲಿ, ನಾಲ್ಕು ಸೆಕ್ಟರ್. ಆದರೆ ಪ್ರತಿ ಸೆಕ್ಟರಿನ ಸೈನಿಕ ಸಂಬಳ ತೆಗೆದುಕೊಳ್ಳುವುದೂ, ಮಾತು ಕೇಳುವುದೂ ತನ್ನ ದೇಶದ್ದೇ. ಹೆಸರಿಗೆ ಒಂದು ಪಡೆ, ಅಡುಗೆ ಮನೆ ನಾಲ್ಕು.

ಇಂಥ ಪಡೆ ಮುರಿಯುವುದು ಎಲ್ಲಿ? ನಕ್ಷೆಯಲ್ಲಿ ಕೊಮಾಡುಗು ಯೋಬೆ ಅಂತ ಒಂದು ಹೊಳೆ ಹುಡುಕಿ. ಚಾಡ್ ಸರೋವರ ಸೇರುವ ಮುಂಚೆ ಸುಮಾರು 150 ಕಿ.ಮೀ. ಇದೇ ಹೊಳೆ ಎರಡು ದೇಶಗಳ ಗಡಿ. ಮಳೆಗಾಲ ಕಳೆದ ಮೇಲೆ ತುಂಬಿ ಹರಿಯುತ್ತದೆ, ಬೇಸಗೆಯಲ್ಲಿ ಅಲ್ಲಲ್ಲಿ ಗುಂಡಿಗಳಷ್ಟೇ ಉಳಿದು ಕಾಲ್ನಡಿಗೆಯಲ್ಲೇ ದಾಟಬಹುದು. ಇಲ್ಲಿ ಕಾರ್ಯಾಚರಣೆ ಅಂದರೆ ಮೂರು ಕೆಲಸ. ಒಬ್ಬ ಹೊಡೆಯಬೇಕು. ಇನ್ನೊಬ್ಬ ಆಚೆ ದಡದಲ್ಲಿ ತಡೆದು ನಿಲ್ಲಬೇಕು. ಮೂರನೆಯವ ಬಂದು ಊರನ್ನು ಹಿಡಿದಿಟ್ಟುಕೊಳ್ಳಬೇಕು. ಮೊದಲನೆಯದು ಟಿವಿಯಲ್ಲಿ ಬರ್ತದೆ, ಉಳಿದೆರಡು ಬರುವುದಿಲ್ಲ. ಸೋಲುವುದು ಆ ಎರಡರಲ್ಲೇ.

ಇದೇ ಹೊಳೆಯ ನೈಜೀರಿಯಾ ಬದಿಯಲ್ಲಿ ದಮಸಾಕ್ ಅಂತ ಊರುಂಟು. 2015ರ ಮಾರ್ಚ್‌ನಲ್ಲಿ ಅದನ್ನು ಬೊಕೊ ಹರಾಮ್‌ನಿಂದ ಬಿಡಿಸಿದ್ದು ನೈಜೀರಿಯಾದವರಲ್ಲ, ಚಾಡ್ ಮತ್ತು ನೈಜರ್ ಸೈನಿಕರು. ನೈಜೀರಿಯಾದ ಪಡೆ ಜೊತೆಗೆ ಬಂದು ಕೈಜೋಡಿಸ್ತಿಲ್ಲ ಅಂತ ಚಾಡ್‌ನ ಆಗಿನ ಅಧ್ಯಕ್ಷ ಇದ್ರಿಸ್ ಡೆಬಿ ಬಹಿರಂಗವಾಗಿಯೇ ಗೊಣಗಿದರು. ಬಲೆ ಎಳೆಯಲು ಎರಡೂ ದೋಣಿ ಬೇಕು. ಒಂದು ದೋಣಿಯವರು ದಡದಲ್ಲೇ ಕೂತರೆ ಮೀನು ಆ ಬದಿಯಿಂದ ಹೋಯಿತು ಅಂತಲೇ ಲೆಕ್ಕ.

ಆದರೂ ಹೇಗೋ ನಡೀತಿತ್ತು. 2023ರ ಜುಲೈ 26ರಂದು ನೈಜರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ಆಗ ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟ ಇಕೋವಾಸ್‌ನ ಅಧ್ಯಕ್ಷರು ನೈಜೀರಿಯಾದ ರಾಷ್ಟ್ರಪತಿ ಟಿನುಬು. ನಿರ್ಬಂಧ ಹೇರಿದರು, ಯುದ್ಧದ ಬೆದರಿಕೆ ಹಾಕಿದರು, ಗಡಿ ಮುಚ್ಚಿದರು, ಕರೆಂಟು ನಿಲ್ಲಿಸಿದರು. ನೈಜರ್‌ನ ವಿದ್ಯುತ್ತಿನಲ್ಲಿ ಸುಮಾರು ಶೇ. 70 ನೈಜೀರಿಯಾದಿಂದಲೇ ಬರ್ತಿತ್ತು. ಕತ್ತಲಾದದ್ದು ಜನರಲ್‌ಗಳ ಬಂಗಲೆಯಲ್ಲಲ್ಲ ಅಂತ ಬೇರೆ ಹೇಳಬೇಕಾ? ದಂಗೆಯನ್ನು ಒಪ್ಪಬೇಕು ಅಂತಲ್ಲ ಇಲ್ಲಿ ಹೇಳುವುದು. ಆದರೆ ಸರೋವರದ ಹಿಂಬಾಗಿಲ ಕೀಲಿ ಯಾರ ಕೈಯಲ್ಲುಂಟು ಅನ್ನುವುದನ್ನು ನೋಡದೆ ಸ್ವಿಚ್ ಆಫ್ ಮಾಡಿದ್ದು ದಡ್ಡತನ.

2024ರ ಫೆಬ್ರವರಿಯಲ್ಲಿ ನಿರ್ಬಂಧ ತೆಗೆದರು, ಮಾರ್ಚ್‌ನಲ್ಲಿ ಗಡಿ ತೆರೆಯಲು ಟಿನುಬು ಆದೇಶಿಸಿದರು. ಆಗಸ್ಟ್‌ನಲ್ಲಿ ನೈಜೀರಿಯಾದ ಸೇನಾ ಮುಖ್ಯಸ್ಥರು ನೈಜರ್‌ನ ರಾಜಧಾನಿ ನಿಯಾಮೆಗೆ ಹೋಗಿ ಬಂದರು. ಡಿಸೆಂಬರ್ ಬಂದಾಗ ನೈಜರ್‌ನಲ್ಲಿ ಅಧಿಕಾರ ಹಿಡಿದ ಜನರಲ್ ಚಿಯಾನಿ, ಫ್ರಾನ್ಸ್ ಜೊತೆ ಸೇರಿ ನಮ್ಮನ್ನು ಬೀಳಿಸಲು ನೈಜೀರಿಯಾ ಹೊರಟಿದೆ ಅಂತ ಆರೋಪಿಸಿದರು, ನೈಜೀರಿಯಾ ಅಲ್ಲಗಳೆಯಿತು. 2025ರ ಮಾರ್ಚ್ ಕೊನೆಗೆ ನೈಜರ್ ಜಂಟಿ ಪಡೆಯಿಂದಲೇ ಹೊರಬಂತು. ಕೊಟ್ಟ ಕಾರಣ: ನಮ್ಮ ಎಣ್ಣೆ ಬಾವಿಗಳನ್ನು ಕಾಯಬೇಕು. ಅಲ್ಲಿಗೆ ನೈಜರ್ ಬದಿಯ ದಿಫಾದಲ್ಲಿದ್ದ ನಾಲ್ಕನೇ ಸೆಕ್ಟರ್ ಜಂಟಿ ಪಡೆಯ ಪಾಲಿಗೆ ಖಾಲಿ.

ನೈಜರ್‌ನವರೂ ಸಾಚಾ ಏನಲ್ಲ. ಫ್ರೆಂಚರನ್ನು ಕಳಿಸಿದರು, ಅಗಾದೆಜ್‌ನ ಡ್ರೋನ್ ನೆಲೆಯಿಂದ 2024ರ ಆಗಸ್ಟ್‌ನಲ್ಲಿ ಅಮೆರಿಕನ್ನರನ್ನೂ ಕಳಿಸಿದರು. ಮೇಲಿಂದ ನೋಡುವ ಕಣ್ಣೂ ಹೋಯಿತು, ಆಚೆ ದಡದ ಜೊತೆಗಾರನೂ ಹೋದ. ಎಣ್ಣೆ ಬಾವಿ ಇರುವ ಅಗಾದೆಮ್ ಎಲ್ಲಿ? ಅದೇ ದಿಫಾ ಪ್ರಾಂತ್ಯದಲ್ಲಿ!

2025ರ ಏಪ್ರಿಲ್‌ನಲ್ಲಿ ನೈಜೀರಿಯಾದ ವಿದೇಶಾಂಗ ಮಂತ್ರಿ ನಿಯಾಮೆಗೆ ಹೋದರು, ಕೈಕುಲುಕಿದರು, ಫೋಟೋ ಬಂತು. ಒಳ್ಳೆಯದೇ. ಆದರೆ ಬೇಕಾದದ್ದು ಇನ್ನೂ ಸಣ್ಣ ಸಂಗತಿ: ನೈಜೀರಿಯಾದ ಮೈದುಗುರಿ ನಗರದಲ್ಲಿ ಒಬ್ಬ ನೈಜರ್ ಅಧಿಕಾರಿ, ದಿಫಾದಲ್ಲಿ ಒಬ್ಬ ನೈಜೀರಿಯಾ ಅಧಿಕಾರಿ, ಇಬ್ಬರ ಭಾಷೆಯೂ ಬರುವ ಒಬ್ಬ ರೇಡಿಯೋದವ. ಬೆನ್ನಟ್ಟುವಾಗ ಹೊಳೆ ದಾಟಲು ರಾಜಧಾನಿಯ ಅಪ್ಪಣೆಗೆ ಕಾಯಬೇಕಾಗಿಲ್ಲ ಅನ್ನುವ ಒಂದು ಸಾಲಿನ ಆದೇಶ. ಇದಕ್ಕೆ ಜಂಟಿ ಪಡೆಯ ಬೋರ್ಡೂ ಬೇಡ, ಶೃಂಗಸಭೆಯೂ ಬೇಡ. ಬೇಸಗೆಗೆ ಮುಂಚೆ ಆಗಬೇಕು, ಅಷ್ಟೇ. ನೀರು ಇಳಿದ ಮೇಲೆ ದಾಟುವವರಿಗೆ ದೋಣಿಯೂ ಬೇಡ.